ಮಕ್ಕಳಾಗದ ದಂಪತಿಗಳಿಗೆ ಆಪ್ತಸಮಾಲೋಚನೆ: ಸಾರ್ವಜನಿಕರಿಗೆ ಮಾಹಿತಿ

ವ್ಯಾಪ್ತಿ: ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳು

ಬಂಜೆತನ ಎಂದರೇನು?
ಗರ್ಭನಿರೋಧಕಗಳನ್ನು ಬಳಸದೆ 12 ತಿಂಗಳು ನಿಯಮಿತವಾಗಿ ದೈಹಿಕ ಸಂಪರ್ಕವಿದ್ದರೂ ಗರ್ಭ ನಿಲ್ಲದಿರುವುದನ್ನು ಬಂಜೆತನ ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಜೀವಿತಾವಧಿಯಲ್ಲಿ ಇದನ್ನು ಎದುರಿಸುತ್ತಾರೆ. ಕಾರಣವು ಪತ್ನಿಯಲ್ಲಿ, ಪತಿಯಲ್ಲಿ ಅಥವಾ ಇಬ್ಬರಲ್ಲಿಯೂ ಇರಬಹುದು. ಆದುದರಿಂದ ಪತಿಯ ವೀರ್ಯ ಪರೀಕ್ಷೆಯನ್ನೂ ಆರಂಭದಲ್ಲಿಯೇ ಮಾಡಿಸತಕ್ಕದ್ದು.

ಆಪ್ತಸಮಾಲೋಚನೆಯ ಅಗತ್ಯ
ಚಿಕಿತ್ಸೆಯ ಅವಧಿಯಲ್ಲಿ ದಿನ ಎಣಿಸಿ ಕೂಡುವುದರಿಂದ ದಾಂಪತ್ಯದ ಸಲಿಗೆಯು ಕರ್ತವ್ಯವಾಗಿ ಪರಿಣಮಿಸುತ್ತದೆ. ಪ್ರತಿ ತಿಂಗಳ ಮುಟ್ಟು ಸೋಲಿನಂತೆ ತೋರುತ್ತದೆ. ಕುಬಸ, ತೊಟ್ಟಿಲು ಮುಂತಾದ ಸಮಾರಂಭಗಳಿಂದ ಮಹಿಳೆಯು ದೂರ ಉಳಿಯತೊಡಗುತ್ತಾಳೆ. ಪತಿ-ಪತ್ನಿಯರ ನಡುವೆ ಮಾತು ಕಡಿಮೆಯಾಗುತ್ತದೆ. ಇದು ಇಬ್ಬರಲ್ಲಿ ಯಾರೊಬ್ಬರ ದೋಷವೂ ಅಲ್ಲ, ಪರಿಹಾರವುಳ್ಳ ತೊಂದರೆಯಾಗಿರುತ್ತದೆ.

ಸಮಾಲೋಚನೆಯ ಹಂತಗಳು
ಈ ಬಗೆಯ ಸಮಾಲೋಚನೆಗೆ 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಆನನ್ ರೂಪಿಸಿದ ಕ್ರಮವು ಬಳಕೆಯಲ್ಲಿದೆ.
1. ಸಂಕೋಚವಿಲ್ಲದೆ ಮಾತನಾಡಲು ಅವಕಾಶ ನೀಡುವುದು.
2. ಅಗತ್ಯವಿರುವಷ್ಟು ಮಾಹಿತಿ ನೀಡುವುದು. ಉದಾಹರಣೆಗೆ, ಒಂದು ಋತುಚಕ್ರದಲ್ಲಿ ಗರ್ಭಧಾರಣೆಗೆ ಅನುಕೂಲವಾದ ದಿನಗಳು ಸುಮಾರು 6 ಮಾತ್ರ.
3. ದಂಪತಿಗಳಿಗೆ ಹೊಂದುವ ಸಲಹೆ ನೀಡುವುದು. ಉದಾಹರಣೆಗೆ, ಉಳಿದ ದಿನಗಳಲ್ಲಿ ಮಗುವಿನ ಗುರಿಯಿಲ್ಲದೆ ಪರಸ್ಪರ ಸಾಮೀಪ್ಯಕ್ಕೆ ಸಮಯ ಮೀಸಲಿಡುವುದು.
4. ಅಗತ್ಯವಿದ್ದಲ್ಲಿ ತಜ್ಞರ ಚಿಕಿತ್ಸೆಗೆ ಕಳುಹಿಸುವುದು.

ಯಾರನ್ನು ಸಂಪರ್ಕಿಸಬೇಕು?
ತಿಕೋಟಾ ಹಾಗೂ ಬಬಲೇಶ್ವರ ಭಾಗದವರು ಮೊದಲಿಗೆ ಆಶಾ ಕಾರ್ಯಕರ್ತೆ ಅಥವಾ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು, ನಗರದವರು ವಿಜಯಪುರ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ದಂಪತಿಗಳು ಜೊತೆಯಾಗಿ ಬರುವುದು ಸೂಕ್ತ. ಪತ್ನಿ ಒಬ್ಬರೇ ಬಂದರೂ ಸಲಹೆ ಕೇಳಬಹುದು. ಹಿಂದಿನ ಪರೀಕ್ಷಾ ವರದಿಗಳನ್ನು ತರತಕ್ಕದ್ದು. ದೂರವಾಣಿಯಲ್ಲಿ ಮಾತನಾಡಬಯಸುವವರಿಗೆ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಕಾನೂನಿನ ರಕ್ಷಣೆ
• ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ, 2021ರಂತೆ ಪ್ರನಾಳ ಶಿಶು ಚಿಕಿತ್ಸಾಲಯಗಳು ಯಶಸ್ಸಿನ ಸಾಧ್ಯತೆ, ಅಪಾಯ ಮತ್ತು ವೆಚ್ಚದ ಕುರಿತು ತಿಳಿಸಿ ಸಮಾಲೋಚನೆ ನೀಡುವುದು ಕಡ್ಡಾಯ.
• ಹಿಂದೂ ವಿವಾಹ ಕಾಯ್ದೆ, 1955ರಡಿ ಮಕ್ಕಳಾಗದಿರುವುದು ವಿಚ್ಛೇದನಕ್ಕೆ ಆಧಾರವಲ್ಲ.
• ಮಕ್ಕಳಿಲ್ಲವೆಂದು ಮಹಿಳೆಯನ್ನು ಮನೆಯಲ್ಲಿ ಹೀಯಾಳಿಸುವುದು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರಡಿ ದೌರ್ಜನ್ಯವೆನಿಸುತ್ತದೆ. ನೊಂದವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.