ಎಂಜಿನ್ ವಿರಮಿಸಲು ಕಲಿತ ಕಥೆ

ಸಿಗ್ನಲ್‌ನಲ್ಲಿ ಕಾರು ನಿಂತೊಡನೆ ಎಂಜಿನ್ ತಾನಾಗಿ ಆಫ್ ಆಗುತ್ತದೆ. ಬ್ರೇಕಿನಿಂದ ಕಾಲು ತೆಗೆದೊಡನೆ ಮತ್ತೆ ಸ್ಟಾರ್ಟ್ ಆಗುತ್ತದೆ. ಇಂತಹ ಕಾರು ಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, "ಪದೇ ಪದೇ ಹೀಗಾದರೆ ಸ್ಟಾರ್ಟರ್ ಹಾಳಾಗದೇ ಮೇಷ್ಟ್ರೇ?" ಎಂದು ಕೇಳುವುದುಂಟು. ಈ ಅಂಜಿಕೆಗೆ ಒಂದು ಇತಿಹಾಸವಿದೆ.

ಮೋಟಾರು ಯುಗದ ಆರಂಭದಲ್ಲಿ ಎಂಜಿನ್ ಸ್ಟಾರ್ಟ್ ಮಾಡುವುದೇ ಒಂದು ಸಾಹಸವಾಗಿತ್ತು. ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಬಲವಾಗಿ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ಕೈ ಮುರಿಯುವ ಅಪಾಯವಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನೊಂದಿಗೆ ಬಂದಿತು. ಕಷ್ಟ ತೀರಿತು, ಆದರೆ ಓಡುತ್ತಿರುವ ಎಂಜಿನನ್ನು ಆಫ್ ಮಾಡಬಾರದೆಂಬ ಅಭ್ಯಾಸ ಉಳಿಯಿತು. ಇಂಧನ ಅಗ್ಗವಾಗಿದ್ದಾಗ ಅದು ಹೊರೆಯೆನಿಸಲಿಲ್ಲ.

1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು. ಸುಮಾರು 3 ಡಾಲರ್ ಇದ್ದ ಪೀಪಾಯಿಯ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್ ಸಮೀಪಿಸಿತು. ಆಮದು ತೈಲವನ್ನೇ ನೆಚ್ಚಿದ್ದ ಜಪಾನಿನಲ್ಲಿ, 1974ರಲ್ಲಿ ಟೊಯೋಟಾ ಕಂಪನಿಯು ತನ್ನ ಕ್ರೌನ್ ಕಾರಿಗೆ ಎಂಜಿನನ್ನು ತಾನಾಗಿ ಆಫ್ ಮಾಡುವ ಸಾಧನ ಅಳವಡಿಸಿತು. 1980ರ ದಶಕದಲ್ಲಿ ಯೂರೋಪಿನ ಫಿಯಟ್, ಫೋಕ್ಸ್‌ವ್ಯಾಗನ್ ಕಂಪನಿಗಳೂ ಪ್ರಯತ್ನಿಸಿದವು. ಆದರೆ 1986ರಲ್ಲಿ ತೈಲದ ಬೆಲೆ ಕುಸಿಯಿತು. ಇಂತಹ ಕಾರುಗಳು ಬಹುಕಾಲ ವಿರಳವಾಗಿಯೇ ಉಳಿದವು. 2009ರಲ್ಲಿ ಯೂರೋಪು ಕಾರುಗಳ ಇಂಗಾಲದ ಡೈಆಕ್ಸೈಡಿಗೆ ಮಿತಿ ವಿಧಿಸಿದ ಮೇಲೆ ಈ ವ್ಯವಸ್ಥೆ ವ್ಯಾಪಕವಾಯಿತು. ನಮ್ಮ ದೇಶದಲ್ಲಿ 2014ರ ಹೀರೋ ಸ್ಪ್ಲೆಂಡರ್ ಐಸ್ಮಾರ್ಟ್ ಇದನ್ನು ಸಾಮಾನ್ಯರ ಬೈಕಿಗೂ ತಂದಿತು. ಯಂತ್ರಕ್ಕೆ ಮಿತವ್ಯಯ ಕಲಿಸಿದ್ದು ಒಮ್ಮೆ ಅಭಾವ, ಇನ್ನೊಮ್ಮೆ ಕಾನೂನು.

ಈಗ ಪ್ರಶ್ನೆಗೆ ಉತ್ತರ. ಇಂತಹ ಕಾರುಗಳ ಸ್ಟಾರ್ಟರ್ ಮತ್ತು ಬ್ಯಾಟರಿಗಳನ್ನು ಹೆಚ್ಚು ಬಾರಿ ಸ್ಟಾರ್ಟ್ ಆಗುವುದಕ್ಕೆಂದೇ ಗಟ್ಟಿಯಾಗಿ ಮಾಡಿರುತ್ತಾರೆ. ಬ್ಯಾಟರಿ ಬದಲಿಸುವಾಗ ಅದೇ ಬಗೆಯದನ್ನೇ ಹಾಕಿಸಿ; ಅಗ್ಗದ ಸಾಮಾನ್ಯ ಬ್ಯಾಟರಿ ಬೇಗ ಸೋಲುತ್ತದೆ. ಎಂಜಿನ್ ಇನ್ನೂ ಬಿಸಿಯಾಗಿರದಿದ್ದರೆ ಅಥವಾ ಬ್ಯಾಟರಿಯಲ್ಲಿ ಚಾರ್ಜ್ ಕಡಿಮೆಯಿದ್ದರೆ ಅದು ಆಫ್ ಆಗುವುದಿಲ್ಲ. ಅದನ್ನು ದೋಷವೆಂದು ತಿಳಿಯಬೇಡಿ. ವಾಹನಗಳು ಆಮೆಯಂತೆ ತೆವಳುವ ಸಂದಣಿಯಲ್ಲಿ ಬೇಕಾದರೆ ಬಟನ್ ಒತ್ತಿ ವ್ಯವಸ್ಥೆಯನ್ನು ತಡೆಹಿಡಿಯಬಹುದು.

ಹಳೆಯ ವಾಹನವಿರುವವರು ದೀರ್ಘ ಸಿಗ್ನಲ್‌ನಲ್ಲಿ ತಾವೇ ಆಫ್ ಮಾಡಲಿ; ಆದರೆ ಇಳಿಜಾರಿನಲ್ಲಿ ಚಲಿಸುತ್ತಿರುವಾಗ ಎಂದಿಗೂ ಬೇಡ, ಬ್ರೇಕ್ ಮತ್ತು ಸ್ಟಿಯರಿಂಗ್ ಬಿಗಿಯಾಗುತ್ತವೆ. ಬೆಂಗಳೂರಿನ ಚೌಕದಲ್ಲಿ ದಿನವಿಡೀ ನಿಲ್ಲುವ ಪೊಲೀಸ್ ಪೇದೆಯ ಶ್ವಾಸಕೋಶಕ್ಕೆ ನಿಮ್ಮ ಆ ಒಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.