ಎಳೆಗೂಸಿನ ನೆತ್ತಿಯ ಹಕ್ಕಳೆ: ಚರಿತ್ರೆ

ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಕೂಸಿನ ನೆತ್ತಿಯ ಮೇಲೆ ಕಟ್ಟಿಕೊಳ್ಳುವ, ಹಳದಿ ಇಲ್ಲವೆ ಕಂದು ಬಣ್ಣದ ಜಿಡ್ಡಿನ ಪೊರೆ. ಇಂಗ್ಲಿಷಿನಲ್ಲಿ ಇದಕ್ಕೆ ಕ್ರೇಡಲ್ ಕ್ಯಾಪ್, ಅಂದರೆ ತೊಟ್ಟಿಲ ಟೋಪಿ ಎಂದು ಹೆಸರು. ವೈದ್ಯರು ಶಿಶುಗಳ ಸೆಬೊರಿಕ್ ಡರ್ಮಟೈಟಿಸ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ತಲೆಹೊಟ್ಟು ಅಥವಾ ಹಕ್ಕಳೆ ಎಂದರೆ ಸಾಕು. ಇದು ನೋಯುವುದಿಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ತುರಿಕೆಯೂ ಇಲ್ಲವೆನ್ನುವಷ್ಟು ಕಡಿಮೆ. ಬಹುತೇಕ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತಾನಾಗಿಯೇ ಉದುರಿಹೋಗುತ್ತದೆ. ಕೊಳೆಯಿಂದ ಬರುವುದಂತೂ ಅಲ್ಲವೇ ಅಲ್ಲ. ಹೆತ್ತವಳು ಮಗುವನ್ನು ಸರಿಯಾಗಿ ನೋಡಿಕೊಂಡಿಲ್ಲವೆಂದು ದೂರುವುದಕ್ಕೆ ಈ ಪೊರೆ ಶತಮಾನಗಳಿಂದ ನೆಪವಾಗಿದೆ; ಆದ್ದರಿಂದ ಈ ಮಾತನ್ನು ಮೊದಲೇ ಹೇಳಬೇಕು.

ಹಾಲಿನ ಮೇಲಿನ ಆರೋಪ

ಲ್ಯಾಟಿನ್ ಬರೆಯುತ್ತಿದ್ದ ಯುರೋಪಿನ ವೈದ್ಯರು ಇದನ್ನು 'ಕ್ರಸ್ಟಾ ಲ್ಯಾಕ್ಟಿಯಾ', ಹಾಲಿನ ಹಕ್ಕಳೆ ಎಂದು ಕರೆದರು. ಫ್ರೆಂಚರ 'ಕ್ರೂತ್ ದ ಲೆ', ಜರ್ಮನರ 'ಮಿಲ್ಖ್‌ಶೋರ್ಫ್' ಎಂಬ ಹೆಸರುಗಳಿಗೂ ಅದೇ ಅರ್ಥ. ಪಾತ್ರೆಯ ಅಂಚಿಗೆ ಸೀದು ಹತ್ತಿದ ಹಾಲಿನಂತೆ ಕಾಣುವುದರಿಂದ ಈ ಹೆಸರು ಹುಟ್ಟಿತೆಂದು ಜರ್ಮನರು ಹೇಳುತ್ತಾರೆ. ಆದರೆ ಹೋಲಿಕೆಯೇ ಕಾರಣವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಎದೆಹಾಲು ಕೆಟ್ಟಿದೆ, ಹಾಲೂಡಿಸುವ ದಾದಿ ತಿನ್ನಬಾರದ್ದನ್ನು ತಿಂದಿದ್ದಾಳೆ ಎಂಬ ಮಾತುಗಳು ಬಂದವು. ಇನ್ನೊಂದು ನಂಬಿಕೆ ಇದಕ್ಕಿಂತ ಗಟ್ಟಿಯಾಗಿತ್ತು: ದೇಹದ ಕೆಟ್ಟ ರಸಗಳು ನೆತ್ತಿಯ ಮೂಲಕ ಹೊರಬರುತ್ತಿವೆ, ಆ ದಾರಿಯನ್ನು ಮುಚ್ಚಿದರೆ ಅವು ಒಳಕ್ಕೆ ತಿರುಗಿ ಮಗುವಿಗೆ ಸೆಳವು ತರುತ್ತವೆ. ಹೀಗಾಗಿ ಹಕ್ಕಳೆಯನ್ನು ಮುಟ್ಟದೆ ಬಿಡುವುದೇ ಕ್ಷೇಮವೆಂದು ಎಷ್ಟೋ ವೈದ್ಯರು ಸಲಹೆ ಕೊಟ್ಟರು. ಕಾರಣ ತಪ್ಪಾಗಿದ್ದರೂ ಆ ಸಲಹೆಯಿಂದ ಎಷ್ಟೋ ಕೂಸುಗಳು ಕಟು ಔಷಧಗಳಿಂದ ಪಾರಾಗಿರಬೇಕು.

ಸುಮ್ಮನೆ ಕೂರದವರೂ ಇದ್ದರು. ಜರ್ಮನಿಯ ಮೈನ್ಸ್ ನಗರದ ವೈದ್ಯ ಕಾರ್ಲ್ ಸ್ಟ್ರಾಕ್ 1770ರ ದಶಕದಲ್ಲಿ ಈ ಹಕ್ಕಳೆಯ ಮೇಲೆ ಪ್ರಬಂಧ ಬರೆದು, ವಯೋಲಾ ಟ್ರೈಕಲರ್ ಎಂಬ ಕಾಡುಹೂವಿನ ಗಿಡವನ್ನು ಹಾಲಿನಲ್ಲಿ ಕುದಿಸಿ ಕುಡಿಸಬೇಕೆಂದ. ಆ ಮೂಲಿಕೆಯ ಆಯುಸ್ಸು ದೊಡ್ಡದು. ಮೂಲಿಕೆ ಔಷಧಗಳನ್ನು ಪರಿಶೀಲಿಸಲು ಇಪ್ಪತ್ತನೆಯ ಶತಮಾನದಲ್ಲಿ ಜರ್ಮನ್ ಸರ್ಕಾರ ನೇಮಿಸಿದ 'ಕಮಿಷನ್ ಇ' ಕೂಡ ಮಕ್ಕಳ ಹಾಲುಹಕ್ಕಳೆಗೆ ಅದನ್ನು ಹೊರಲೇಪವಾಗಿ ಬಳಸಬಹುದೆಂದು ಒಪ್ಪಿತು.

ಹಳೆಯ ಗ್ರಂಥಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅವುಗಳಲ್ಲಿನ 'ಹಾಲುಹಕ್ಕಳೆ' ಇಂದಿನ ಒಂದೇ ರೋಗವಲ್ಲ. ಕೀವು ತುಂಬಿದ ಇಂಪೆಟಿಗೊ, ತುರಿಸುವ ಇಸುಬು, ತಲೆಯ ಹುಳುಕಡ್ಡಿ ಎಲ್ಲವೂ ಅದರಡಿ ಸೇರಿಹೋಗಿವೆ. ಲಂಡನ್ನಿನ ರಾಬರ್ಟ್ ವಿಲನ್, ಅವನ ಶಿಷ್ಯ ಥಾಮಸ್ ಬೇಟ್‌ಮನ್ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ರೂಪದಿಂದ ವಿಂಗಡಿಸಿದಾಗ ಹಾಲುಹಕ್ಕಳೆಗೆ 'ಪೊರಿಗೊ ಲಾರ್ವಾಲಿಸ್' ಎಂಬ ಹೆಸರು ಬಂತು. ಲಾರ್ವಾ ಎಂದರೆ ಇಲ್ಲಿ ಮುಖವಾಡ. ಮುಖವನ್ನೇ ಮುಚ್ಚುವ ಆ ಹುಣ್ಣು ನಮ್ಮ ಸಾಧು ಹಕ್ಕಳೆಯಾಗಿರಲಾರದು. ಇವತ್ತಿನ ಜರ್ಮನರು ಎರಡು ಮಾತು ಇಟ್ಟುಕೊಂಡಿದ್ದಾರೆ: ತಾನಾಗಿ ಹೋಗುವ ಜಿಡ್ಡಿನ ಪೊರೆಗೆ 'ಗ್ನೈಸ್', ತುರಿಸುತ್ತಾ ಕಾಡುವ ಇಸುಬಿಗೆ 'ಮಿಲ್ಖ್‌ಶೋರ್ಫ್'. ಕನ್ನಡಕ್ಕೂ ಇಂಥ ಎರಡು ಮಾತು ಬೇಕಾಗಿದೆ.

ಎಣ್ಣೆ, ನೀರು, ನೆತ್ತಿ

ಸುಶ್ರುತಸಂಹಿತೆ ತಲೆಯ ಹೊಟ್ಟಿಗೆ ದಾರುಣಕವೆಂದೂ ಹುಣ್ಣುಹಕ್ಕಳೆಗೆ ಅರುಂಷಿಕಾ ಎಂದೂ ಹೆಸರಿಟ್ಟು, ಎರಡನ್ನೂ ಕ್ಷುದ್ರರೋಗಗಳ ಸಾಲಿಗೆ ಸೇರಿಸಿದೆ. ಅವು ಶಿಶುಗಳಿಗೇ ಮೀಸಲಾದ ಹೆಸರುಗಳಲ್ಲ. ಈ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಅದೇ ಗ್ರಂಥದ ಶಾರೀರಸ್ಥಾನದಲ್ಲಿದೆ: ಆಗತಾನೆ ಹುಟ್ಟಿದ ಕೂಸಿನ ನೆತ್ತಿಯ ಮೇಲೆ ತುಪ್ಪದಲ್ಲಿ ನೆನೆಸಿದ ಹತ್ತಿಯನ್ನು ಇಡಬೇಕೆಂಬ ವಿಧಿ.

ಕರ್ನಾಟಕದ ಬಾಣಂತನದಲ್ಲಿ ತುಪ್ಪದ ಜಾಗಕ್ಕೆ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಬಂದಿದೆ. ಅಜ್ಜಿ ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ನೆತ್ತಿಗೆ ಎಣ್ಣೆ ಒತ್ತಿ ಬಿಸಿನೀರು ಹೊಯ್ಯುತ್ತಾಳೆ; ಹೆಸರುಹಿಟ್ಟೋ ಕಡಲೆಹಿಟ್ಟೋ ಹಚ್ಚಿ ಜಿಡ್ಡು ತೆಗೆಯುತ್ತಾಳೆ. ಆಕೆಯ ಉದ್ದೇಶ ನೆತ್ತಿ ಕೂಡಲಿ, ತಲೆ ತಂಪಾಗಿರಲಿ ಎಂಬುದು. ಹಕ್ಕಳೆ ಮೆತ್ತಗಾಗಿ ಎದ್ದುಬರುವುದು ಅದರ ಜೊತೆಗೆ ಸಿಗುವ ಲಾಭ. ಆದರೆ ಇದೇ ಪದ್ಧತಿಗೆ ಇನ್ನೊಂದು ಮುಖವೂ ಉಂಟು. ಬಡಿದುಕೊಳ್ಳುವ ಮೆದು ನೆತ್ತಿಯನ್ನು, ಮಿದುಳಿಗೆ ಪೆಟ್ಟಾದೀತೆಂಬ ಭಯಕ್ಕೆ, ತೊಳೆಯದೆ ಬಿಡುವುದರಿಂದ ಎಣ್ಣೆ ಅಲ್ಲೇ ಉಳಿದು ಪೊರೆ ದಪ್ಪವಾಗುತ್ತದೆ. ಆ ಜಾಗದಲ್ಲಿ ಮಿದುಳನ್ನು ಗಟ್ಟಿಯಾದ ಪದರವೊಂದು ಕಾಯುತ್ತಿರುತ್ತದೆ. ಅಂಗೈಯಿಂದ ಮೆಲ್ಲಗೆ ತೊಳೆದರೆ ಏನೂ ಆಗದು.

ಜಿಡ್ಡು ತಿನ್ನುವ ಜೀವಿ

1874ರಲ್ಲಿ ಫ್ರಾನ್ಸಿನ ಲೂಯಿ-ಷಾರ್ಲ್ ಮಲಸೇ ತಲೆಹೊಟ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಅದರಲ್ಲಿ ಯೀಸ್ಟಿನಂಥ ಕಣಗಳನ್ನು ಕಂಡ. 1887ರಲ್ಲಿ ಹ್ಯಾಂಬರ್ಗಿನ ಪೌಲ್ ಗೆರ್ಸನ್ ಉನ್ನಾ ಜಿಡ್ಡಿನ ಇಸುಬನ್ನು ಪ್ರತ್ಯೇಕ ರೋಗವೆಂದು ವಿವರಿಸಿದ. 1889ರಲ್ಲಿ ಸಸ್ಯವಿಜ್ಞಾನಿ ಬೈಯೋಂ, ಮಲಸೇ ಕಂಡ ಆ ಶಿಲೀಂಧ್ರದ ಕುಲಕ್ಕೆ ಮಲಸೇಜಿಯಾ ಎಂದು ಹೆಸರಿಟ್ಟ. ಹೆಸರು ಸಿಕ್ಕಿತಾದರೂ ಜೀವಿ ಮಾತ್ರ ಪ್ರಯೋಗಾಲಯದಲ್ಲಿ ಸರಿಯಾಗಿ ಬೆಳೆಯಲೊಲ್ಲದಾಯಿತು. ಈ ಗಂಟನ್ನು ಬಿಚ್ಚಿದವರು ಅಮೆರಿಕದ ರೋಡಾ ಬೆನ್‌ಹ್ಯಾಮ್. ಅದು ಬದುಕಲು ಕೊಬ್ಬು ಬೇಕೆಂದು ಅವರು 1939ರಲ್ಲಿ ತೋರಿಸಿದರು. 2007ರಲ್ಲಿ ಈ ಕುಲದ ಒಂದು ಪ್ರಭೇದದ ಜೀನೋಮ್ ಓದಿದಾಗ ಕಾರಣವೂ ತಿಳಿಯಿತು: ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳುವ ಜೀನ್ ಅದಕ್ಕಿಲ್ಲ.

ಎಳೆಗೂಸಿನ ನೆತ್ತಿ ಅದಕ್ಕೆ ಒಳ್ಳೆಯ ಊಟದ ಮನೆ. ತಾಯಿಯಿಂದ ಬಂದ ಮತ್ತು ಮಗುವಿನದೇ ಆದ ಹಾರ್ಮೋನುಗಳ ಪ್ರಭಾವದಿಂದ ಮೊದಲ ತಿಂಗಳುಗಳಲ್ಲಿ ಜಿಡ್ಡಿನ ಗ್ರಂಥಿಗಳು ಚುರುಕಾಗಿರುತ್ತವೆ. ಆಮೇಲೆ ಹರೆಯದವರೆಗೆ ನಿದ್ದೆ ಹೋಗುತ್ತವೆ. ಹಕ್ಕಳೆ ಬರುವ ಮತ್ತು ಹೋಗುವ ಕಾಲ ಇದಕ್ಕೆ ಹೊಂದುತ್ತದೆ. ಆದರೂ ಮಲಸೇಜಿಯಾ ಆರೋಗ್ಯವಂತರ ಚರ್ಮದ ಮೇಲೂ ವಾಸಿಸುವುದರಿಂದ, ಅದೊಂದನ್ನೇ ತಪ್ಪಿತಸ್ಥನೆನ್ನಲು ಬರುವುದಿಲ್ಲ.

ನಡುವೆ ಒಂದು ಅಡ್ಡದಾರಿಯೂ ತೆರೆದಿತ್ತು. 1908ರಲ್ಲಿ ವಿಯೆನ್ನಾದ ಕಾರ್ಲ್ ಲೈನರ್ ಮೈಯೆಲ್ಲ ಕೆಂಪಾಗಿ ಸಿಪ್ಪೆ ಏಳುವ ತೀವ್ರ ಶಿಶುರೋಗವೊಂದನ್ನು ವರ್ಣಿಸಿದ್ದ. ಹಸಿ ಮೊಟ್ಟೆಯ ಬಿಳಿಯನ್ನು ತಿಂದ ಇಲಿಗಳ ಚರ್ಮ ಕೆಡುವುದನ್ನು ಅಭ್ಯಸಿಸಿದ ಪೌಲ್ ಜ್ಯೋರ್ಜಿ, ಅದನ್ನು ತಡೆಯುವ ಅಂಶಕ್ಕೆ ವಿಟಮಿನ್ ಎಚ್ ಎಂದ. ಎಚ್ ಎಂದರೆ ಜರ್ಮನ್ ಭಾಷೆಯ 'ಹೌಟ್', ಚರ್ಮ. ಅದೇ ಬಯೋಟಿನ್. ಲೈನರ್ ವರ್ಣಿಸಿದ ರೋಗಕ್ಕೂ ಕೂಸುಗಳ ಹಕ್ಕಳೆಗೂ ಇದರ ಕೊರತೆಯೇ ಕಾರಣವಿರಬಹುದೆಂದು ಅವಕ್ಕೆ ಬಯೋಟಿನ್ ಕೊಟ್ಟು ನೋಡಿದರು. ಹೋಲಿಕೆಯ ಪ್ರಯೋಗಗಳಲ್ಲಿ ಹಕ್ಕಳೆಗೆ ಪ್ರಯೋಜನ ಕಾಣಲಿಲ್ಲ.

ಇತ್ತೀಚಿನ ಕಾಲ

ಬ್ರಿಟನ್ನಿನಲ್ಲಿ ಹಕ್ಕಳೆಗೆ ಕಡಲೆಕಾಯಿ ಎಣ್ಣೆ ಹಚ್ಚುವುದು ರೂಢಿಯಲ್ಲಿತ್ತು. ಆ ಎಣ್ಣೆ ಇರುವ ಲೇಪಗಳನ್ನು ಉರಿಗೊಂಡ ಚರ್ಮಕ್ಕೆ ಹಚ್ಚಿದ್ದಕ್ಕೂ ಮುಂದೆ ಕಡಲೆಕಾಯಿ ಅಲರ್ಜಿ ಬಂದದ್ದಕ್ಕೂ ನಂಟು ಕಂಡಿದೆಯೆಂದು 2003ರ ಅಧ್ಯಯನ ಹೇಳಿದ ಮೇಲೆ ವೈದ್ಯರು ಎಚ್ಚರವಾದರು. ಆಲಿವ್ ಎಣ್ಣೆ ಚರ್ಮದ ಕಾಪುಪದರವನ್ನು ಸಡಿಲಿಸುತ್ತದೆಂದು 2013ರಲ್ಲಿ, ದೊಡ್ಡವರ ಮೇಲೆ ನಡೆದ ಪ್ರಯೋಗದಿಂದ, ತಿಳಿಯಿತು. ದೊಡ್ಡವರ ಹೊಟ್ಟಿಗೆ ಬಳಸುವ ಸ್ಯಾಲಿಸಿಲಿಕ್ ಆಮ್ಲ ಕೂಸಿನ ತೆಳುಚರ್ಮದಿಂದ ರಕ್ತಕ್ಕೆ ಇಳಿಯಬಲ್ಲದು, ಅದನ್ನು ಹಚ್ಚಬಾರದು. ಹಟಮಾರಿ ಹಕ್ಕಳೆಗೆ ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕವನ್ನು ವೈದ್ಯರೇ ಬರೆದುಕೊಡುತ್ತಾರೆ.

ಇಷ್ಟೆಲ್ಲ ಚಿಕಿತ್ಸೆಗಳಿಗೆ ಎಷ್ಟು ಆಧಾರವಿದೆಯೆಂದು 2019ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಮಾಡಿ ತೂಗುವ ಕಾಕ್ರನ್ ಸಂಸ್ಥೆ ಹುಡುಕಿದಾಗ ಸಿಕ್ಕ ಪ್ರಯೋಗಗಳು ಆರು, ಮಕ್ಕಳು ಒಟ್ಟು 310. ಯಾವ ಔಷಧವನ್ನೂ ಖಚಿತವಾಗಿ ಮೇಲೆಂದು ಹೇಳುವಷ್ಟು ಬಲ ಅವಕ್ಕಿರಲಿಲ್ಲ. ಹೀಗಾಗಿ ಇಂದಿನ ವೈದ್ಯರ ಸಲಹೆ ಅಜ್ಜಿಯ ಪದ್ಧತಿಗೆ ಹತ್ತಿರವಾಗಿಯೇ ಉಳಿದಿದೆ: ಸ್ವಲ್ಪ ಎಣ್ಣೆ, ಹಕ್ಕಳೆ ನೆನೆಯುವವರೆಗೆ ಬಿಡುವು, ಮೆತ್ತನೆಯ ಬ್ರಷ್, ಆಮೇಲೆ ಎಣ್ಣೆ ಉಳಿಯದಂತೆ ಮಕ್ಕಳ ಶಾಂಪೂವಿನಿಂದ ತೊಳೆಯುವುದು. ಉಗುರಿನಿಂದ ಕೀಳಬಾರದು, ಕಿತ್ತಲ್ಲಿ ಗಾಯವಾಗಿ ಸೋಂಕು ತಗಲಬಹುದು. ನೀರು ಸೋರಿದರೆ, ವಾಸನೆ ಬಂದರೆ, ಮೈಗೆ ಹರಡಿದರೆ ವೈದ್ಯರಿಗೆ ತೋರಿಸಬೇಕು. ನಮ್ಮ ಮಕ್ಕಳ ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಬಣ್ಣ ತಿಳಿಯಾದ ಮಚ್ಚೆಗಳು ಕಾಣುತ್ತವೆ, ಅವು ನಿಧಾನವಾಗಿ ಮೊದಲಿನ ಬಣ್ಣಕ್ಕೆ ಬರುತ್ತವೆ. ವರ್ಷದ ಮೇಲೆ ಜವಳ ತೆಗೆಸುವ ಹೊತ್ತಿಗೆ, ಕ್ಷೌರಿಕನ ಕತ್ತಿಯ ಕೆಳಗೆ ಸಾಮಾನ್ಯವಾಗಿ ಬರಿ ಹುಟ್ಟುಗೂದಲಷ್ಟೇ ಇರುತ್ತದೆ.