ಮುದುಕಿಯ ಮದ್ದು

ಮದ್ದಿನ ಗುಟ್ಟನ್ನು ಹೊರಗೆಡಹಿದರೆ ಅದರ ಗುಣ ಕೆಡುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಇದ್ದುದೇ. ನಮ್ಮ ಅಜ್ಜಿ ಕಾಮಾಲೆಗೆ ಯಾವುದೋ ಬೇರನ್ನು ಅರೆದು, ಹಾಲಿನಲ್ಲಿ ಕದಡಿ ಕೊಡುತ್ತಿದ್ದರು. ಗಿಡದ ಹೆಸರನ್ನು ಯಾರಿಗೂ ಹೇಳಲಿಲ್ಲ. ಅವರೊಡನೆ ಅದೂ ಹೋಯಿತು. ಆ ಬೇರು ರೋಗವನ್ನು ಗುಣಪಡಿಸುತ್ತಿತ್ತೋ, ರೋಗವೇ ತಾನಾಗಿ ಇಳಿಯುತ್ತಿತ್ತೋ, ಈಗ ತಿಳಿಯುವ ದಾರಿಯಿಲ್ಲ.

ಇಂಥದೇ ಗುಟ್ಟೊಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಮುದುಕಿಯೊಬ್ಬಳ ಬಳಿ ಇತ್ತು. ಮೈಯಲ್ಲಿ ನೀರು ತುಂಬಿ ಊದಿಕೊಂಡು, ವೈದ್ಯರಿಂದ ಗುಣಕಾಣದವರಲ್ಲಿ ಕೆಲವರು ಅವಳ ಮದ್ದಿನಿಂದ ಚೇತರಿಸಿಕೊಳ್ಳುತ್ತಿದ್ದರಂತೆ. 1775ರಲ್ಲಿ ಆ ಮದ್ದಿನ ವಿಷಯವಾಗಿ ವಿಲಿಯಂ ವಿದರಿಂಗ್ ಎಂಬ ವೈದ್ಯನ ಅಭಿಪ್ರಾಯವನ್ನು ಕೇಳಿದರು. ಅದರಲ್ಲಿ 20ಕ್ಕೆ ಕಡಿಮೆಯಿಲ್ಲದ ಮೂಲಿಕೆಗಳಿದ್ದುವು. ಸಸ್ಯಶಾಸ್ತ್ರವನ್ನೂ ಬಲ್ಲ ಆತ, ಅವುಗಳಲ್ಲಿ ಕೆಲಸಮಾಡುವುದು ಫಾಕ್ಸ್‌ಗ್ಲೋವ್ ಎಂಬ ಹೂಗಿಡವೊಂದೇ ಎಂದು ಗುರುತಿಸಿದ.

ಅದು ವಿಷದ ಗಿಡ. ಪ್ರಮಾಣ ಮೀರಿದರೆ ಪ್ರಾಣಾಪಾಯ. ವಿದರಿಂಗ್ ಹತ್ತು ವರ್ಷ ಅದನ್ನು ಅಳೆದು ಕೊಟ್ಟು, 1785ರಲ್ಲಿ 150ಕ್ಕೂ ಹೆಚ್ಚು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದ. ಗುಣವಾದವರೊಡನೆ ಗುಣವಾಗದವರ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅದೇ ಕುಲದ ಗಿಡದಿಂದ ತೆಗೆದ ಡಿಗಾಕ್ಸಿನ್ ಇಂದಿಗೂ ಹೃದ್ರೋಗಿಗಳಿಗೆ ಬಳಕೆಯಲ್ಲಿದೆ.

ಮುದುಕಿಯ ಹೆಸರನ್ನು ಮಾತ್ರ ವಿದರಿಂಗ್ ಬರೆದಿಡಲಿಲ್ಲ. ಆ ಋಣ ಹಾಗೆಯೇ ಉಳಿದಿದೆ. ಆದರೆ ಗುಟ್ಟು ಹೊರಬಿದ್ದುದರಿಂದ ಅವಳ ಮದ್ದಿನ ಗುಣ ಕೆಡಲಿಲ್ಲ. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿಯಿತು. ನಮ್ಮ ಅಜ್ಜಿಯ ಬೇರಿಗೆ ಅಂಥ ಪರೀಕ್ಷೆಯ ಭಾಗ್ಯ ಒದಗಲಿಲ್ಲ.